ಕಡಲ ತೀರದಲ್ಲಿ ಎರಡು ರಾತ್ರಿ: ಕುಟುಂಬದ ಡೇರೆವಾಸಕ್ಕೆ ಬೇಕಾದ ಸಿದ್ಧತೆ

ಹಾತಕಣಂಗಲೆಯ ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ನೀರು ಎಂದೊಡನೆ ನೆನಪಾಗುವುದು ಪಂಚಗಂಗೆ, ವಾರಣಾ ನದಿಗಳು, ಹೊಲದ ಬಾವಿ, ಕಬ್ಬಿಗೆ ನೀರು ಹರಿಯುವ ಕಾಲುವೆ. ಸಮುದ್ರವನ್ನು ಅವರು ಭೂಗೋಲದ ಪುಸ್ತಕದಲ್ಲಿ ನೀಲಿ ಬಣ್ಣವಾಗಿ ಕಂಡಿರುತ್ತಾರೆ. ಆದರೆ ಸಮುದ್ರವು ನಮಗೆ ನಿಜವಾಗಿ ದೂರದ್ದಲ್ಲ. ಸಹ್ಯಾದ್ರಿಯ ಒಂದು ಸಾಲನ್ನು ದಾಟಿ ಇಳಿದರೆ ಕೊಂಕಣ. ನಮ್ಮ ಊರಿನಿಂದ ಕೊಲ್ಲಾಪುರದ ಮಾರ್ಗವಾಗಿ ಮಾಲವಣಕ್ಕೆ ಸುಮಾರು ೧೭೦ ಕಿಲೋಮೀಟರ್. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಕಡಲ ಬಳಿ ಇರಬಹುದು. ಅಲ್ಲಿ ದಡದಿಂದ ತುಸು ದೂರದಲ್ಲಿ, ಕುರಟೆ ಎಂಬ ಬಂಡೆಯ ದ್ವೀಪದ ಮೇಲೆ, ಛತ್ರಪತಿ ಶಿವಾಜಿ ಮಹಾರಾಜರು ಕಟ್ಟಿಸಿದ ಸಿಂಧುದುರ್ಗವು ಅಲೆಗಳ ನಡುವೆ ನಿಂತಿದೆ.

ಈ ದ್ವೀಪದ ಎದುರಿನ ತೀರದಲ್ಲಿ ಡೇರೆ ಹಾಕಿ ಎರಡು ರಾತ್ರಿ ಕಳೆಯುವ ಪ್ರವಾಸವನ್ನು ಒಂದು ಸಾಧಾರಣ ಕುಟುಂಬವು ಹೇಗೆ ಯೋಜಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇವೆ. ದೊಡ್ಡ ವಸತಿಗೃಹದಲ್ಲಿ ಇಳಿದುಕೊಳ್ಳುವುದು ಎಲ್ಲರ ಕೈಗೂ ಎಟುಕುವ ಮಾತಲ್ಲ. ಡೇರೆವಾಸದಲ್ಲಿ ಖರ್ಚು ಕಡಿಮೆ. ಅದಕ್ಕಿಂತಲೂ ಮುಖ್ಯವಾಗಿ, ಅಲ್ಲಿ ಮನೆಯವರೆಲ್ಲರಿಗೂ ಕೆಲಸವಿರುತ್ತದೆ. ನೀರು ಹೊರುವವರು, ಹಗ್ಗ ಕಟ್ಟುವವರು, ಒಲೆ ಹಚ್ಚುವವರು, ದೀಪ ಕಾಯುವವರು ಎಂದು ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಆದರೆ ಸಿದ್ಧತೆಯಿಲ್ಲದೆ ಕಡಲಿಗೆ ಹೋಗುವುದು ವಿನೋದವಲ್ಲ, ಅಪಾಯ. ಆದಕಾರಣ ಮೊದಲೇ ಹೇಳಿಬಿಡುತ್ತೇವೆ: ಈ ಲೇಖನದ ಅರ್ಧ ಭಾಗ ಸುಖದ ಮಾತು, ಉಳಿದರ್ಧ ಎಚ್ಚರಿಕೆಯ ಮಾತು.

ಡೇರೆ ನಮಗೆ ಹೊಸದಲ್ಲ

ಡೇರೆಯಲ್ಲಿ ಇರುವುದು ಪರದೇಶದ ಶೋಕಿಯೆಂದು ಕೆಲವರು ತಿಳಿದಿದ್ದಾರೆ. ನಮ್ಮ ಸುತ್ತ ನೋಡಿದರೆ ಹಾಗೆನಿಸುವುದಿಲ್ಲ. ಪಟ್ಟಣಕೊಡೋಲಿಯಲ್ಲಿ ನಡೆಯುವ ವಿಠ್ಠಲ ಬೀರದೇವರ ಜಾತ್ರೆಗೆ ಬರುವ ಕುರುಬರು ಬಯಲಿನಲ್ಲಿಯೇ ಬೀಡು ಬಿಡುತ್ತಾರೆ. ಪ್ರತಿವರ್ಷ ಕಾರ್ಖಾನೆಗಳು ಆರಂಭವಾದೊಡನೆ ಕಬ್ಬು ಕಡಿಯಲು ಬೀಡ ಮೊದಲಾದ ಜಿಲ್ಲೆಗಳಿಂದ ಬರುವ ಕುಟುಂಬಗಳು ನಮ್ಮ ಹೊಲಗಳ ಅಂಚಿನಲ್ಲಿ ಕೊಪ್ಪಿ ಹಾಕಿಕೊಂಡು ತಿಂಗಳುಗಟ್ಟಲೆ ಸಂಸಾರ ನಡೆಸುತ್ತವೆ. ೨೦೧೯ರ ಆಗಸ್ಟಿನಲ್ಲಿ ಪಂಚಗಂಗೆಯು ಉಕ್ಕಿ ಬಂದಾಗ ಎಷ್ಟೋ ಮನೆಗಳವರು ಮನೆ ಬಿಟ್ಟು ಎತ್ತರದ ಸ್ಥಳಗಳಲ್ಲಿ ಆಸರೆ ಪಡೆಯಬೇಕಾಯಿತು. ಒಂದು ತಾಡಪಾಲಿನ ಬೆಲೆ ಏನೆಂಬುದನ್ನು ಅಂದು ನಾವೆಲ್ಲ ಅರಿತೆವು.

ಕಬ್ಬು ಕಡಿಯುವವರ ಕೊಪ್ಪಿಯನ್ನು ಗಮನವಿಟ್ಟು ನೋಡಿದರೆ ಡೇರೆಶಾಸ್ತ್ರದ ಬಹುಭಾಗ ಅಲ್ಲಿಯೇ ತಿಳಿಯುತ್ತದೆ. ಅದು ತಗ್ಗಿನಲ್ಲಿರುವುದಿಲ್ಲ. ಅದರ ಬಾಗಿಲು ಜೋರು ಗಾಳಿಗೆ ಎದುರಾಗಿರುವುದಿಲ್ಲ. ಅದು ಎತ್ತರವಾಗಿರದೆ ನೆಲಕ್ಕೆ ತಗ್ಗಿರುವುದರಿಂದ ಗಾಳಿಯು ಮೇಲಿಂದ ಜಾರಿಹೋಗುತ್ತದೆ. ಒಲೆಯು ಹೊರಗಿರುತ್ತದೆ. ಅವರಿಗೆ ಅದು ವಿಹಾರವಲ್ಲ, ಬಾಳುವೆ. ನಮ್ಮ ಮಕ್ಕಳು ಎರಡು ರಾತ್ರಿ ಬಟ್ಟೆಯ ಮನೆಯಲ್ಲಿ ಮಲಗಿ ಬಂದ ಮೇಲೆ, ಆರು ತಿಂಗಳು ಹಾಗೆ ಮಲಗುವ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡಿಯಾರು ಎಂಬುದೂ ನಮ್ಮ ಆಸೆ.

ಕಾಲ ಮತ್ತು ದಾರಿ

ಮೊದಲು ಕಾಲವನ್ನು ಗೊತ್ತುಮಾಡಬೇಕು. ಜೂನ್ ತಿಂಗಳಿನಿಂದ ಮಳೆಗಾಲ ಮುಗಿಯುವವರೆಗೆ ಕೊಂಕಣದ ಕಡಲು ಉಗ್ರವಾಗಿರುತ್ತದೆ. ಆ ದಿನಗಳಲ್ಲಿ ಸಿಂಧುದುರ್ಗಕ್ಕೆ ದೋಣಿಗಳೂ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಖೆ ಅತಿಯಾಗಿ ಡೇರೆಯ ಒಳಗೆ ಹಗಲು ಕುಳಿತುಕೊಳ್ಳುವುದೇ ಕಷ್ಟ. ಆದುದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ದೀಪಾವಳಿಯ ಸೂಟಿಯ ಕೊನೆಯ ದಿನಗಳು ಹಾಗೂ ಡಿಸೆಂಬರಿನ ಅಂತ್ಯ ಶಾಲೆಯ ಮಕ್ಕಳಿಗೆ ಅನುಕೂಲ. ಆದರೆ ಆಗ ಜನಸಂದಣಿಯೂ ಹೆಚ್ಚು. ಎರಡು ಶನಿವಾರ ಮುಂಚೆಯೇ ಸ್ಥಳವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕೊಲ್ಲಾಪುರದಿಂದ ಘಟ್ಟ ಇಳಿಯಲು ದಾರಿಗಳು ಹಲವು. ರಾಧಾನಗರಿ, ದಾಜೀಪೂರಗಳ ಮೇಲಿಂದ ಫೋಂಡಾ ಘಟ್ಟವನ್ನು ಇಳಿದು ಕಣಕವಲಿಗೆ ಹೋಗಬಹುದು. ಗಗನಬಾವಡಾದಿಂದ ಕರೂಳ ಘಟ್ಟ ಇಳಿದು ವೈಭವವಾಡಿಗೆ ಹೋಗಬಹುದು. ಗಡಹಿಂಗ್ಲಜದ ಕಡೆಯವರಿಗೆ ಆಜರಾ, ಆಂಬೋಲಿ, ಸಾವಂತವಾಡಿಯ ದಾರಿ ಹತ್ತಿರ. ಕೊಲ್ಲಾಪುರದಿಂದ ಘಟ್ಟದ ಕೆಳಗೆ ನೇರವಾದ ರೈಲುದಾರಿ ಇಲ್ಲದಿರುವುದರಿಂದ ಎಸ್.ಟಿ. ಬಸ್ಸು ಇಲ್ಲವೇ ಸ್ವಂತ ವಾಹನವೇ ಗತಿ. ಘಟ್ಟದ ರಸ್ತೆಗಳು ದುರಸ್ತಿಗಾಗಿ ಆಗಾಗ ಮುಚ್ಚುವುದುಂಟು; ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಬೇಕು. ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬೇಕು. ರಾಧಾನಗರಿಯ ಅರಣ್ಯದಲ್ಲಿ ಕಾಡುಕೋಣಗಳು ಹೇರಳ. ಸಂಜೆ ಅವು ರಸ್ತೆಯನ್ನು ದಾಟುತ್ತವೆ. ೨೦೧೨ರಲ್ಲಿ ಪಶ್ಚಿಮ ಘಟ್ಟಗಳನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದಾಗ ಈ ಅರಣ್ಯವೂ ಅದರಲ್ಲಿ ಸೇರಿತು. ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿಯ ಆಣೆಕಟ್ಟನ್ನೂ, ನೀರು ತುಂಬಿದಾಗ ತಾವಾಗಿಯೇ ತೆರೆದುಕೊಳ್ಳುವ ಅದರ ಬಾಗಿಲುಗಳನ್ನೂ ಮಕ್ಕಳಿಗೆ ತೋರಿಸಬಹುದು. ಹೀಗೆ ದಾರಿಯೇ ಒಂದು ಪಾಠವಾಗುತ್ತದೆ.

ಈಚೆಗೆ ಮಲಗುವ, ಅಡಿಗೆ ಮಾಡುವ ಅನುಕೂಲವುಳ್ಳ ಕ್ಯಾರವಾನ್ ಎಂಬ ವಸತಿವಾಹನಗಳೂ ಬಾಡಿಗೆಗೆ ದೊರೆಯುತ್ತಿವೆ. ಮಹಾರಾಷ್ಟ್ರ ಸರಕಾರವು ೨೦೨೧ರಲ್ಲಿ ಇದಕ್ಕಾಗಿ ಒಂದು ಧೋರಣೆಯನ್ನೇ ಪ್ರಕಟಿಸಿತು. ವೃದ್ಧರು, ಹಸುಗೂಸುಗಳು ಜೊತೆಗಿದ್ದರೆ ಇದು ಸುಖಕರ. ಆದರೆ ಬಾಡಿಗೆ ಹೆಚ್ಚು. ಘಟ್ಟದ ತಿರುವುಗಳಲ್ಲಿ ದೊಡ್ಡ ವಾಹನ ನಡೆಸಲು ಪಳಗಿದ ಚಾಲಕನು ಬೇಕು. ತೀರದ ಹಳ್ಳಿಗಳ ಓಣಿಗಳು ಬಹಳ ಇಕ್ಕಟ್ಟು. ಮರಳಿನ ಮೇಲೆ ಮಾತ್ರ ಯಾವ ವಾಹನವನ್ನೂ ಇಳಿಸಬಾರದು. ಗಾಲಿ ಹೂತರೆ ಭರತಿಯ ನೀರು ಬರುವುದರೊಳಗೆ ಮೇಲೆತ್ತುವುದು ದುಸ್ಸಾಧ್ಯ.

ಡೇರೆ ಎಲ್ಲಿ ಹಾಕಬೇಕು

ಸಿಂಧುದುರ್ಗವು ರಕ್ಷಿತ ಸ್ಮಾರಕ. ಅದರೊಳಗೆ ಡೇರೆ ಹಾಕುವಂತಿಲ್ಲ. ಮಾಲವಣದ ದಕ್ಷಿಣಕ್ಕೆ ತಾರಕರ್ಲಿ, ದೇವಬಾಗ ಎಂಬ ಹಳ್ಳಿಗಳಿವೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕರ್ಲಿ ನದಿ, ನಡುವೆ ತೆಂಗಿನ ತೋಟಗಳುಳ್ಳ ನೀಳವಾದ ಭೂಮಿ ಅದು. ತೋಟದ ಒಡೆಯರ ಅಪ್ಪಣೆ ಪಡೆದು, ಶೌಚಗೃಹವೂ ಬಾವಿಯೂ ಇರುವ ಅಂಗಳದಲ್ಲಿ ಡೇರೆ ಹಾಕುವುದೇ ಸರಿಯಾದ ಕ್ರಮ. ತೆರೆದ ತೀರದಲ್ಲಿ ಯಾರನ್ನೂ ಕೇಳದೆ ಬೀಡು ಬಿಡುವುದು ನಮಗೂ ಒಳ್ಳೆಯದಲ್ಲ, ಊರವರಿಗೂ ಒಳ್ಳೆಯದಲ್ಲ.

ಇದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಮೂರು ಕುಟುಂಬದವರು ಮಕ್ಕಳೊಡನೆ ಆ ತೀರಕ್ಕೆ ಹೋಗಿದ್ದೆವು. ಮುಟ್ಟಿದಾಗ ಸಂಜೆ ಐದೂವರೆ. ಕಡಲು ಬಹುದೂರ ಹಿಂದೆ ಸರಿದಿತ್ತು. ಮರಳು ಅಂಗಳದಂತೆ ವಿಶಾಲವಾಗಿತ್ತು. ಅಲೆಗಳ ಸಪ್ಪಳ ಹತ್ತಿರದಿಂದ ಕೇಳಲೆಂದು ಅಲ್ಲಿಯೇ ಡೇರೆ ಹೂಡಿದೆವು. ಮೇಲಿನ ತೋಟದ ಅಂಚಿನಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕರು ಕೈಯೆತ್ತಿ ಏನನ್ನೋ ತೋರಿಸಿದರು. ನಮಸ್ಕಾರವೆಂದು ತಿಳಿದು ನಾವೂ ಕೈ ಮುಗಿದೆವು. ರಾತ್ರಿ ಹನ್ನೊಂದು ದಾಟಿದ ಮೇಲೆ ಒಬ್ಬ ಹುಡುಗನು ಎದ್ದು, “ಅಪ್ಪಾ, ಹಾಸಿಗೆ ತೊಯ್ದಿದೆ” ಎಂದನು. ದೀಪ ಹಚ್ಚಿ ನೋಡಿದರೆ ಡೇರೆಯ ಸುತ್ತಲೂ ನೀರು. ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮೇಲಕ್ಕೆ ಓಡಿದೆವು. ಎರಡು ಚೀಲ, ಒಂದು ಒಲೆ, ಎಲ್ಲರ ಪಾದರಕ್ಷೆಗಳು ಕಡಲ ಪಾಲಾದವು. ಅದೇ ಮುದುಕರು ಕಂದೀಲು ಹಿಡಿದು ಬಂದು ತಮ್ಮ ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟರು. ಬೆಳಿಗ್ಗೆ ನಮ್ಮನ್ನು ತೀರಕ್ಕೆ ಕರೆದೊಯ್ದು, ಒಣಗಿದ ಪಾಚಿ, ಚಿಪ್ಪು, ಕಡ್ಡಿಗಳು ಉದ್ದಕ್ಕೂ ಒಂದು ಗೆರೆಯಾಗಿ ಬಿದ್ದಿರುವುದನ್ನು ತೋರಿಸಿದರು. “ನಿನ್ನೆ ತೋರಿಸಿದ್ದು ಇದನ್ನೇ. ಸಮುದ್ರ ತನ್ನ ಹೊಲದ ಬದುವನ್ನು ತಾನೇ ಹಾಕಿಕೊಂಡಿದೆ. ಅದರ ಒಳಗೆ ಯಾರೂ ಮಲಗುವುದಿಲ್ಲ” ಎಂದರು. ಅಂದು ಹುಣ್ಣಿಮೆಯ ಮರುದಿನವಾಗಿತ್ತು ಎಂಬುದು ನಮಗೆ ಆಮೇಲೆ ಹೊಳೆಯಿತು.

ಭರತಿ ಮತ್ತು ಇಳಿತ

ಹುಣ್ಣಿಮೆಗೂ ನಮ್ಮ ಹಾಸಿಗೆ ತೊಯ್ದುದಕ್ಕೂ ಏನು ಸಂಬಂಧ? ಚಂದ್ರ ಸೂರ್ಯರು ಭೂಮಿಯ ಮೇಲಿನ ನೀರನ್ನು ಸೆಳೆಯುವುದರಿಂದ ಸಮುದ್ರದ ಮಟ್ಟ ಏರಿಳಿಯುತ್ತದೆ. ಇದರಲ್ಲಿ ಚಂದ್ರನ ಪಾಲೇ ಹೆಚ್ಚು. ನಮ್ಮ ಪಶ್ಚಿಮ ತೀರದಲ್ಲಿ ಸುಮಾರು ೨೪ ಗಂಟೆ ೫೦ ನಿಮಿಷಗಳಲ್ಲಿ ಎರಡು ಸಲ ಭರತಿ, ಎರಡು ಸಲ ಇಳಿತ. ಒಂದು ಭರತಿಯಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಸಂಜೆ ಐದೂವರೆಗೆ ಕಡಲು ಪೂರ್ತಿ ಇಳಿದಿದ್ದರೆ ರಾತ್ರಿ ಸುಮಾರು ಹನ್ನೊಂದೂಮುಕ್ಕಾಲಕ್ಕೆ ಪೂರ್ತಿ ಏರುವುದು ಖಂಡಿತ. ನಾವು ಕಂಡ ವಿಶಾಲವಾದ ಅಂಗಳವು ಆರು ಗಂಟೆಗಳ ಅಂಗಳ ಮಾತ್ರವಾಗಿತ್ತು.

ಅಮಾವಾಸ್ಯೆ, ಹುಣ್ಣಿಮೆಗಳಂದು ಸೂರ್ಯ, ಚಂದ್ರ, ಭೂಮಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಇರುವುದರಿಂದ ಎರಡರ ಸೆಳೆತವೂ ಕೂಡಿ ಭರತಿಯು ಹೆಚ್ಚು ಏರುತ್ತದೆ, ಇಳಿತವು ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಅವುಗಳ ಸೆಳೆತ ಅಡ್ಡಡ್ಡವಾಗುವುದರಿಂದ ಏರಿಳಿತ ಕಡಿಮೆ. ಆದುದರಿಂದ ಪ್ರವಾಸದ ದಿನವನ್ನು ಗೊತ್ತುಮಾಡುವಾಗ ಗೋಡೆಯ ಮೇಲಿನ ಪಂಚಾಂಗವನ್ನೂ ನೋಡಬೇಕು. ಮುಟ್ಟಿದ ದಿನ ಬೆಸ್ತರನ್ನು ಕೇಳಿ ಅಂದಿನ ಭರತಿಯ ಹೊತ್ತನ್ನು ಬರೆದುಕೊಂಡರೆ, ಮರುದಿನ ಅದಕ್ಕೆ ಸುಮಾರು ೫೦ ನಿಮಿಷ ಕೂಡಿಸಿದರೆ ಸಾಕು. ಈ ಲೆಕ್ಕವನ್ನು ಮನೆಯ ಒಬ್ಬ ವಿದ್ಯಾರ್ಥಿಗೆ ಒಪ್ಪಿಸಬೇಕು. ಪಾಟಿಯ ಮೇಲಿನ ಕೂಡುವ ಲೆಕ್ಕವು ಮನೆಮಂದಿಯನ್ನೆಲ್ಲ ಕಾಯಬಲ್ಲುದೆಂಬುದು ಅವನಿಗೆ ಆಗ ತಿಳಿಯುತ್ತದೆ.

ಡೇರೆ ಹೂಡುವ ರೀತಿ

ಡೇರೆಯನ್ನು ಪಾಚಿಯ ಗೆರೆಗಿಂತ ಬಹಳ ಮೇಲೆ, ಗಟ್ಟಿಯಾದ ನೆಲದಲ್ಲಿ ಹೂಡಬೇಕು. ತೋಟದಲ್ಲಿ ಹೂಡುವಾಗ ತೆಂಗಿನ ಮರದ ನೇರ ಕೆಳಗೆ ಹೂಡಬಾರದು. ರಾತ್ರಿ ಬೀಳುವ ಒಂದು ಕಾಯಿ, ಒಂದು ಒಣ ಗರಿ ಪ್ರಾಣಕ್ಕೆ ಸಂಚಕಾರ ತರಬಹುದು. ಹಗಲು ನೆಲವು ನೀರಿಗಿಂತ ಬೇಗ ಕಾಯುವುದರಿಂದ ಗಾಳಿಯು ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ರಾತ್ರಿ ನೆಲವು ಬೇಗ ತಣಿಯುವುದರಿಂದ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಮಧ್ಯಾಹ್ನದ ಕಡಲಗಾಳಿಯೇ ಜೋರಾದುದು. ಡೇರೆಯ ಬಾಗಿಲನ್ನು ಅದಕ್ಕೆ ನೇರವಾಗಿ ಇಡದೆ ಓರೆಯಾಗಿ ಇಟ್ಟರೆ ಮರಳು ಒಳಗೆ ತೂರುವುದಿಲ್ಲ.

ಮರಳಿನಲ್ಲಿ ಸಾಮಾನ್ಯ ಗೂಟಗಳು ನಿಲ್ಲುವುದಿಲ್ಲ. ಅದಕ್ಕೊಂದು ಸುಲಭ ಉಪಾಯವಿದೆ. ಗಟ್ಟಿಯಾದ ಅರಿವೆಯ ಚೀಲಗಳಲ್ಲಿ ಮರಳು ತುಂಬಿ, ಹಗ್ಗದ ತುದಿಯನ್ನು ಚೀಲಕ್ಕೆ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಹೂಳಬೇಕು. ಮೇಲಿನ ಮರಳಿನ ಭಾರವೇ ಹಗ್ಗವನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆಯವರು ಬೇರೆಡೆಗೆ ಕೈಚಾಚಬೇಕಾಗಿಲ್ಲ. ೧೯೦೪ರಲ್ಲಿ ವಿಠ್ಠಲರಾವ ದಾತಾರರು ಇಚಲಕರಂಜಿಯಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದಂದಿನಿಂದ ಆ ಊರು ಅರಿವೆಯ ಊರಾಗಿದೆ. ಚೀಲಕ್ಕೆ, ಹಾಸಿಗೆಯ ಹೊದಿಕೆಗೆ, ನೆರಳಿನ ಚಪ್ಪರಕ್ಕೆ ಬೇಕಾದ ದಪ್ಪ ಅರಿವೆ ಅಲ್ಲಿ ದೊರೆಯುತ್ತದೆ. ಡೇರೆಯನ್ನು ಕೊಳ್ಳಲೇಬೇಕೆಂದಿಲ್ಲ, ಇಬ್ಬರು ಮೂವರು ನೆರೆಯವರು ಸೇರಿ ಒಂದನ್ನು ಕೊಂಡು ಸರದಿಯಂತೆ ಬಳಸಬಹುದು. ಹೊರಡುವ ಮುನ್ನ ಒಂದು ರಾತ್ರಿ ಮನೆಯ ಅಂಗಳದಲ್ಲಿಯೋ ಹೊಲದಲ್ಲಿಯೋ ಅದನ್ನು ಹೂಡಿ ಮಲಗಿ ನೋಡಬೇಕು. ಹರಿದ ಅಂಚು, ಕಳೆದ ಗೂಟ, ಸಾಲದ ಹಗ್ಗ ಎಲ್ಲವೂ ಆ ರಾತ್ರಿಯೇ ಗೊತ್ತಾಗುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಎಷ್ಟೇ ಚಳಿಯಾದರೂ, ಎಷ್ಟೇ ಗಾಳಿಯಾದರೂ ಡೇರೆಯ ಒಳಗೆ ಒಲೆಯನ್ನಾಗಲಿ, ಕೆಂಡದ ಶೇಗಡಿಯನ್ನಾಗಲಿ ಇಟ್ಟುಕೊಳ್ಳಬಾರದು. ಬೆಂಕಿಯ ಭಯ ಒಂದು ಕಡೆಗಿರಲಿ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸಿ, ಮಲಗಿದವರನ್ನು ಮಲಗಿದಂತೆಯೇ ಕೊಂದುಬಿಡುತ್ತದೆ.

ನೀರು ಮತ್ತು ಬುತ್ತಿ

ಕಡಲ ಬಳಿ ಬೆವರು ಹೆಚ್ಚು. ಕುಡಿಯುವುದಕ್ಕೂ ಅಡಿಗೆಗೂ ಸೇರಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಹಿಡಿಯೋಣ. ಐವರಿಗೆ ಎರಡು ದಿನಕ್ಕೆ ೪೦ ಲೀಟರ್. ಎಂದರೆ ೨೦ ಲೀಟರಿನ ಎರಡು ಕ್ಯಾನು. ತೊಳೆಯಲು, ಮೀಯಲು ಬಾವಿಯ ನೀರು ಸಾಕು. ಆದರೆ ತೀರದ ಬಾವಿಯ ನೀರನ್ನು ಮಿತವಾಗಿ ಬಳಸಬೇಕು. ಅದಕ್ಕೆ ಕಾರಣವು ಸ್ವಾರಸ್ಯಕರವಾಗಿದೆ.

ಸುತ್ತಲೂ ಉಪ್ಪುನೀರಿರುವ ಸಿಂಧುದುರ್ಗದ ಒಳಗೆ ದೂಧಬಾವಿ, ದಹಿಬಾವಿ, ಸಾಖರಬಾವಿ ಎಂಬ ಮೂರು ಸಿಹಿನೀರಿನ ಬಾವಿಗಳಿವೆ. ಹಾಲು, ಮೊಸರು, ಸಕ್ಕರೆ ಎಂಬ ಈ ಹೆಸರುಗಳೇ ಆ ನೀರಿನ ರುಚಿಯನ್ನು ಸಾರುತ್ತವೆ. ಕಡಲಿನ ನಡುವೆ ಸಿಹಿನೀರು ಹೇಗೆ ಬಂತು? ಮಳೆಯ ನೀರು ನೆಲದೊಳಗಿನ ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ; ಒಂದು ಲೀಟರ್ ಸಿಹಿನೀರು ೧೦೦೦ ಗ್ರಾಂ ಇದ್ದರೆ ಕಡಲಿನ ನೀರು ಸುಮಾರು ೧೦೨೫ ಗ್ರಾಂ ತೂಗುತ್ತದೆ. ಆದುದರಿಂದ ತೀರಗಳಲ್ಲಿಯೂ ದ್ವೀಪಗಳಲ್ಲಿಯೂ ಮಳೆಯ ನೀರು ನೆಲದಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಈ ತೂಕದ ಅಂತರದಿಂದ ಲೆಕ್ಕ ಹಾಕಿದರೆ, ಸಮುದ್ರಮಟ್ಟದಿಂದ ಸಿಹಿನೀರು ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರು ಇರುತ್ತದೆ. ಆದರೆ ಈ ಲೆಕ್ಕವು ಹಿಂದುಮುಂದಾಗಿಯೂ ನಡೆಯುತ್ತದೆ. ಬಾವಿಯಿಂದ ನೀರನ್ನು ಅತಿಯಾಗಿ ಸೇದಿ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು ಹಲವು ಅಡಿ ಮೇಲೇರುತ್ತದೆ. ಪ್ರವಾಸಿಗರು ಎರಡು ದಿನ ಮಿತಿಮೀರಿ ಸೇದಿ ಹೋದರೆ ಅದರ ಫಲವನ್ನು ತೋಟದವರು ಉಣ್ಣಬೇಕಾಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊದಲನೆಯ ದಿನಕ್ಕೆ ಕಟಿರೊಟ್ಟಿ, ಶೇಂಗಾ ಚಟ್ನಿ, ದಶಮಿಯ ಬುತ್ತಿ ಮನೆಯಿಂದಲೇ ಬರಲಿ. ಮರುದಿನಕ್ಕೆ ಅವಲಕ್ಕಿ, ಅಕ್ಕಿ, ಬೇಳೆ, ಉಳ್ಳಾಗಡ್ಡಿ ಸಾಕು. ಪ್ರವಾಸವೆಂದರೆ ಮನೆಯ ಅಡಿಗೆಯ ಕೆಲಸವನ್ನು ಮರಳಿನ ಮೇಲೆ ತಾಯಂದಿರ ತಲೆಗೇ ಕಟ್ಟುವುದಲ್ಲ. ಒಂದು ಹೊತ್ತಿನ ಅಡಿಗೆಯನ್ನಾದರೂ ತಂದೆಯೂ ಮಕ್ಕಳೂ ಮಾಡಲಿ. ತಾಯಿಯು ಕುಳಿತು ಕಡಲನ್ನು ನೋಡಲಿ.

ಕಡಲಿನ ಸೆಳವು

ಇನ್ನು ಎಲ್ಲಕ್ಕೂ ಮುಖ್ಯವಾದ ಮಾತು. ೨೦೧೭ರ ಏಪ್ರಿಲ್ ೧೫ರಂದು ಮಾಲವಣದ ಬಳಿಯ ವಾಯರಿ ತೀರದಲ್ಲಿ ನೀರಿಗಿಳಿದ ಬೆಳಗಾವಿಯ ಕಾಲೇಜೊಂದರ ಎಂಟು ಮಂದಿ ಮುಳುಗಿ ಮರಣ ಹೊಂದಿದರು. ಅವರು ನಮ್ಮ ಸೀಮೆಯ ಮಕ್ಕಳಂತೆಯೇ ಒಳನಾಡಿನವರು, ನಗುತ್ತ ನೀರಿಗಿಳಿದವರು. ೨೦೨೨ರ ಮೇ ತಿಂಗಳಿನಲ್ಲಿ ತಾರಕರ್ಲಿಯ ಕಡಲಿನಲ್ಲಿ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ತೀರಿಕೊಂಡರು. ಮಕ್ಕಳನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ತಿಳಿವಳಿಕೆ ಇದ್ದರೆ ಉಳಿಯುವ ಜೀವಗಳು ತಿಳಿವಳಿಕೆ ಇಲ್ಲದೆ ಹೋಗಬಾರದೆಂದು ಬರೆಯುತ್ತಿದ್ದೇವೆ.

ಪಂಚಗಂಗೆಯಲ್ಲಿ ಈಜಿದವನು ಕಡಲಿನಲ್ಲಿಯೂ ಈಜಬಲ್ಲನೆಂದು ತಿಳಿಯುವುದು ದೊಡ್ಡ ತಪ್ಪು. ನದಿಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಎರಡೂ ಕಡೆ ದಡವಿರುತ್ತದೆ. ಕಡಲಿನಲ್ಲಿ ಅಲೆಗಳು ಒಂದರ ಹಿಂದೊಂದು ನೀರನ್ನು ತಂದು ದಡದಲ್ಲಿ ರಾಶಿ ಹಾಕುತ್ತವೆ. ಆ ನೀರು ಹಿಂದಿರುಗಲೇಬೇಕಲ್ಲವೆ? ಮರಳಿನ ದಿಣ್ಣೆಗಳ ನಡುವಿನ ಕಿರಿದಾದ ಕಾಲುವೆಯಂಥ ಜಾಗದಲ್ಲಿ ಅದು ವೇಗವಾಗಿ ಒಳಗಡಲಿಗೆ ನುಗ್ಗುತ್ತದೆ. ಇದೇ ಸೆಳವು. ವಿಚಿತ್ರವೆಂದರೆ ಆ ಜಾಗವು ನೋಡುವವರಿಗೆ ಶಾಂತವಾಗಿ ಕಾಣುತ್ತದೆ. ಎರಡು ಬದಿಗಳಲ್ಲಿ ಬಿಳಿಯ ನೊರೆ, ನಡುವೆ ನೊರೆಯಿಲ್ಲದ ಕಪ್ಪಾದ ಪಟ್ಟಿ. “ಇಲ್ಲಿ ಅಲೆಗಳಿಲ್ಲ, ಇಲ್ಲಿಯೇ ಇಳಿಯೋಣ” ಎಂದು ತಿಳಿಯದವರು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಪ್ರಬಲವಾದ ಸೆಳವು ಸೆಕೆಂಡಿಗೆ ಎರಡು ಮೀಟರುಗಳಷ್ಟು ವೇಗವನ್ನೂ ಮುಟ್ಟಬಲ್ಲುದು. ಅದರ ಎದುರು ಒಳ್ಳೆಯ ಈಜುಗಾರನೂ ಮುಂದೆ ಸಾಗಲಾರನು.

ಸೆಳವಿನಲ್ಲಿ ಸಿಕ್ಕವನು ದಡದ ಕಡೆಗೆ ನೇರವಾಗಿ ಈಜಲು ಹೆಣಗಬಾರದು, ದಣಿದು ಮುಳುಗುತ್ತಾನೆ. ಸೆಳವು ಹೊರಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಬೆನ್ನಮೇಲೆ ತೇಲಿ ಉಸಿರನ್ನು ಹಿಡಿತದಲ್ಲಿಟ್ಟು, ಕೈಯೆತ್ತಿ ಕರೆಯಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳವಿನ ಪಟ್ಟಿಯು ಕಿರಿದಾದುದು. ಅದನ್ನು ದಾಟಿದ ಮೇಲೆ ಅಲೆಗಳೇ ದಡಕ್ಕೆ ತರುತ್ತವೆ. ದಡದಲ್ಲಿರುವವರು ಒಬ್ಬರ ಹಿಂದೊಬ್ಬರು ನೀರಿಗೆ ಹಾರಬಾರದು. ಉಳಿಸಹೋದವರೂ ಮುಳುಗಿದ ಉದಾಹರಣೆಗಳು ಎಷ್ಟೋ ಇವೆ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಬೇಕು, ಬೆಸ್ತರನ್ನು ಕೂಗಬೇಕು, ೧೧೨ಕ್ಕೆ ದೂರವಾಣಿ ಮಾಡಬೇಕು. ರುಗ್ಣವಾಹನಕ್ಕೆ ೧೦೮.

ಇದರಿಂದ ನಾವು ಕಲಿತ ನಿಯಮಗಳು ಇಷ್ಟೇ. ಸ್ಥಳೀಯರು ಇಳಿಯುವಲ್ಲಿ ಮಾತ್ರ ಇಳಿಯಬೇಕು. ಮಕ್ಕಳು ಮೊಣಕಾಲಿನ ಮೇಲೆ ನೀರು ಬರುವಲ್ಲಿಗೆ ಹೋಗಬಾರದು. ದೊಡ್ಡವರೊಬ್ಬರು ನೀರಿಗಿಳಿಯದೆ, ಬೇರೆ ಯಾವ ಕೆಲಸವನ್ನೂ ಮಾಡದೆ, ಮಕ್ಕಳ ತಲೆಗಳನ್ನು ಎಣಿಸುತ್ತ ದಡದಲ್ಲಿ ನಿಂತಿರಬೇಕು. ಇಳಿತದ ಹೊತ್ತಿನಲ್ಲಿ, ಕತ್ತಲಾದ ಮೇಲೆ, ನದಿಯು ಕಡಲನ್ನು ಸೇರುವ ದೇವಬಾಗದ ಸಂಗಮದಲ್ಲಿ ಎಂದಿಗೂ ನೀರಿಗಿಳಿಯಬಾರದು. ದೋಣಿಯಲ್ಲಿ ಕುಳಿತ ಕ್ಷಣದಿಂದ ಇಳಿಯುವವರೆಗೆ ಪ್ರತಿಯೊಬ್ಬರೂ ಜೀವರಕ್ಷಕ ಅಂಗಿಯನ್ನು ತೊಟ್ಟಿರಬೇಕು. ಅಂಗಿ ಸಾಲದಿದ್ದರೆ ಅಥವಾ ಜನ ಹೆಚ್ಚಾಗಿದ್ದರೆ ಆ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಕೊಟ್ಟ ಹಣ ಹೋದರೂ ಚಿಂತೆಯಿಲ್ಲ.

ನೆಲದ ಮೇಲೂ ಎಚ್ಚರವಿರಲಿ. ಕೊಂಕಣದಲ್ಲಿ ಫುರಸೆ ಎಂಬ ಚಿಕ್ಕದಾದ, ಆದರೆ ಬಹು ವಿಷದ ಹಾವು ಇದೆ. ರಾತ್ರಿ ದೀಪವಿಲ್ಲದೆ ನಡೆಯಬಾರದು. ಬೆಳಿಗ್ಗೆ ಪಾದರಕ್ಷೆಗಳನ್ನು ಕೊಡವಿ ಹಾಕಿಕೊಳ್ಳಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ ನೇರವಾಗಿ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು.

ದ್ವೀಪದ ದರ್ಶನ

ಎರಡನೆಯ ದಿನ ಬೆಳಿಗ್ಗೆ ಮಾಲವಣದ ಧಕ್ಕೆಯಿಂದ ದೋಣಿ ಹಿಡಿದು ದುರ್ಗಕ್ಕೆ ಹೋಗಬೇಕು. ೧೬೬೪ರ ನವೆಂಬರಿನಲ್ಲಿ ಆರಂಭವಾದ ಕಟ್ಟಡವು ೧೬೬೭ರಲ್ಲಿ ಮುಗಿಯಿತು. ಹಿರೋಜಿ ಇಂದುಲಕರರು ಅದರ ಮೇಲ್ವಿಚಾರಣೆ ನೋಡಿಕೊಂಡರು. ಅಡಿಗಲ್ಲುಗಳನ್ನು ಕಾಯಿಸಿದ ಸೀಸವನ್ನು ಸುರಿದು ಕೂಡಿಸಿದರು. ಸುಮಾರು ೪೮ ಎಕರೆಯ ದ್ವೀಪವನ್ನು ಅಂಕುಡೊಂಕಾದ ಗೋಡೆ ಬಳಸಿಕೊಂಡಿದೆ. ಗೋಡೆಯ ಎತ್ತರ ಸುಮಾರು ೩೦ ಅಡಿ. ನಮ್ಮ ಕುಂಭೋಜದ ಬೆಟ್ಟದಲ್ಲಿರುವ ೨೮ ಅಡಿಯ ಬಾಹುಬಲಿಯ ಮೂರ್ತಿಯನ್ನು ನೋಡಿದ ಮಕ್ಕಳು ಆ ಎತ್ತರವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಗೋಡೆಯ ತಿರುವಿನಲ್ಲಿ ಬಾಗಿಲನ್ನು ಎಷ್ಟು ಮರೆಯಾಗಿ ಇಟ್ಟಿದ್ದಾರೆಂದರೆ, ಕಡಲಿನಿಂದ ನೋಡಿದವನಿಗೆ ಅದು ಎಲ್ಲಿದೆಯೆಂದೇ ತಿಳಿಯದು. ಒಳಗೆ ರಾಜಾರಾಮ ಮಹಾರಾಜರು ಕಟ್ಟಿಸಿದ ಶಿವರಾಜೇಶ್ವರ ದೇವಾಲಯವಿದೆ; ಅಲ್ಲಿ ಪೂಜೆಗೊಳ್ಳುವ ಮೂರ್ತಿ ಸ್ವತಃ ಶಿವಾಜಿ ಮಹಾರಾಜರದು.

ದ್ವೀಪದ ಸುತ್ತಲಿನ ಕಡಲೂ ರಕ್ಷಿತವಾದುದು. ೧೯೮೭ರಲ್ಲಿ ಮಾಲವಣದ ಸಾಗರಾಭಯಾರಣ್ಯವನ್ನು ಘೋಷಿಸಿದರು. ಅಲ್ಲಿಯ ಬಂಡೆಗಳ ಮೇಲೆ ಹವಳದ ಜೀವಿಗಳಿವೆ. ಹವಳವನ್ನು ಮುರಿದು ತರುವುದು ಕಾನೂನಿನಂತೆ ಅಪರಾಧ. ಮಕ್ಕಳು ಅಲ್ಲಿಂದ ತರಬೇಕಾದದ್ದು ಚಿತ್ರ ಬರೆದ ವಹಿ, ಕಣ್ತುಂಬಿದ ನೋಟ. ನಾವು ಒಯ್ದ ಕಾಗದ, ಪ್ಲಾಸ್ಟಿಕ್, ಎಂಜಲು ಇವನ್ನೆಲ್ಲ ಚೀಲದಲ್ಲಿ ಕಟ್ಟಿ ಹಿಂದಕ್ಕೆ ತರಬೇಕು.

ಖರ್ಚಿನ ಪತ್ರಿಕೆ

ಕೊನೆಗೆ ಲೆಕ್ಕ. ಒಂದು ಕಾಗದವನ್ನು ಐದು ಸಾಲು ಮಾಡಿ, ಪ್ರಯಾಣ, ಸ್ಥಳದ ಬಾಡಿಗೆ, ದೋಣಿ, ಊಟ, ಆಪದ್ಧನ ಎಂದು ಬರೆಯಬೇಕು. ಮೊದಲ ನಾಲ್ಕರ ಮೊತ್ತದ ಐದನೆಯ ಒಂದು ಭಾಗವನ್ನು ಆಪದ್ಧನವಾಗಿ ಬೇರೆ ಕಟ್ಟಿಡಬೇಕು. ಮನೆ ಮುಟ್ಟುವವರೆಗೆ ಅದನ್ನು ಬಿಚ್ಚಬಾರದು. ಈ ಪತ್ರಿಕೆಯನ್ನು ಮಕ್ಕಳ ಎದುರಿನಲ್ಲಿಯೇ ಬರೆಯಿರಿ. ಮನೆಯ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೂ ತಿಳಿಯಲಿ. ಈ ವರ್ಷ ಸಾಲದಿದ್ದರೆ ಮುಂದಿನ ವರ್ಷಕ್ಕೆ ಮುಂದೂಡುವುದರಲ್ಲಿ ನಾಚಿಕೆಯೇನೂ ಇಲ್ಲ. ಸಾಲ ಮಾಡಿ ಕಡಲು ನೋಡಬೇಕಾಗಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ.

ನಾವು ಮರುವರ್ಷ ಮತ್ತೆ ಅದೇ ತೀರಕ್ಕೆ ಹೋದೆವು. ಹಾಸಿಗೆ ತೊಯ್ದುದನ್ನು ಮೊದಲು ಕಂಡ ಹುಡುಗನೇ ಈ ಸಲ ಮುಂದಾಗಿ ಓಡಿ ಪಾಚಿಯ ಗೆರೆಯನ್ನು ಹುಡುಕಿದನು. ಅಲ್ಲಿಂದ ಮೇಲಕ್ಕೆ ನಲವತ್ತು ಹೆಜ್ಜೆ ಎಣಿಸಿ, ತೋಟದ ಅಂಚಿನಲ್ಲಿ ನಿಂತು, “ಇಲ್ಲಿ ಹಾಕೋಣ” ಎಂದನು. ಬಲೆ ಹೊಲಿಯುತ್ತಿದ್ದ ಮುದುಕರು ತಲೆಯೆತ್ತಿ ನೋಡಿದರು. ಈ ಸಲ ಅವರು ಕೈಯೆತ್ತಲಿಲ್ಲ. ಸುಮ್ಮನೆ ತಮ್ಮ ಕೆಲಸವನ್ನು ಮುಂದುವರಿಸಿದರು. ಆ ರಾತ್ರಿ ಭರತಿಯು ತನ್ನ ಗೆರೆಯವರೆಗೆ ಬಂದು ಹಿಂದಿರುಗಿತು. ನಾವೆಲ್ಲ ನಿಶ್ಚಿಂತರಾಗಿ ಮಲಗಿದೆವು.